ಸೋಲಿಗಿಂತ ಸೋಲಿನ ನಂತರ: ಪಶ್ಚಿಮ ಬಂಗಾಳದ ಸಿಪಿಎಂ, ಒಂದು ಪ್ರಕರಣ ಅಧ್ಯಯನ

2011ರ ಮೇ 13ರಂದು ಪಶ್ಚಿಮ ಬಂಗಾಳದ ವಿಧಾನಸಭಾ ಚುನಾವಣೆಯ ಮತ ಎಣಿಕೆ ಮುಗಿಯಿತು. 1977ರಿಂದ ಸತತವಾಗಿ ಏಳು ಚುನಾವಣೆ ಗೆದ್ದು ಮೂವತ್ತನಾಲ್ಕು ವರ್ಷ ರಾಜ್ಯವಾಳಿದ್ದ ಎಡಪಕ್ಷಗಳ ಕೂಟವಾದ ಎಡರಂಗ, ಮಮತಾ ಬ್ಯಾನರ್ಜಿಯವರ ತೃಣಮೂಲ ಕಾಂಗ್ರೆಸ್ ಎದುರು 294 ಸ್ಥಾನಗಳ ಪೈಕಿ 62ಕ್ಕೆ ಇಳಿದಿತ್ತು. ರಂಗದ ಅತಿ ದೊಡ್ಡ ಪಕ್ಷವಾದ ಸಿಪಿಎಂಗೆ, ಅಂದರೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷಕ್ಕೆ, ದಕ್ಕಿದ್ದು 40 ಸ್ಥಾನ. ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯ ಅವರು ಜಾದವಪುರದಲ್ಲಿ, ಹಿಂದೆ ಎಡರಂಗ ಸರ್ಕಾರದಲ್ಲೇ ಮುಖ್ಯ ಕಾರ್ಯದರ್ಶಿಯಾಗಿದ್ದ ಮನೀಶ್ ಗುಪ್ತಾ ಅವರೆದುರು 16 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಇಂಥ ಸುದ್ದಿಗಳ ಅಬ್ಬರದಲ್ಲಿ ಒಂದು ಅಂಕಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಸೋತ ಎಡರಂಗಕ್ಕೆ ಆ ದಿನವೂ ಶೇ 41ರಷ್ಟು ಮತಗಳು, ಅಂದರೆ ಎರಡು ಕೋಟಿಗೆ ಸಮೀಪದ ಜನರ ಬೆಂಬಲ ಇತ್ತು.

ಅಷ್ಟು ಮತವನ್ನು ಉಳಿಸಿಕೊಂಡ ಪಕ್ಷ ಐದು ವರ್ಷ ಕಾದು ಮರಳಿ ಬರುವುದರಲ್ಲಿ ಅಚ್ಚರಿಯೇನಿಲ್ಲ. ಕೇರಳದಲ್ಲಿ ಇದೇ ಸಿಪಿಎಂ ಒಮ್ಮೆ ಸೋತು ಒಮ್ಮೆ ಗೆಲ್ಲುತ್ತ ದಶಕಗಳನ್ನು ಕಳೆದಿದೆ. ಬಂಗಾಳದಲ್ಲಿ ಹಾಗಾಗಲಿಲ್ಲ. ಎಡರಂಗದ ಮತಪ್ರಮಾಣ 2014ರ ಲೋಕಸಭಾ ಚುನಾವಣೆಯಲ್ಲಿ ಶೇ 30ರ ಆಸುಪಾಸಿಗೆ, 2016ರ ವಿಧಾನಸಭಾ ಚುನಾವಣೆಯಲ್ಲಿ ಶೇ 26ರ ಆಸುಪಾಸಿಗೆ, 2019ರಲ್ಲಿ ಶೇ 7.5ರ ಹತ್ತಿರಕ್ಕೆ ಕುಸಿಯಿತು. 2021ರಲ್ಲಿ ಒಂದು ಸ್ಥಾನವೂ ಸಿಗದೆ, ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ ಬಂಗಾಳದ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಸದಸ್ಯರೇ ಇಲ್ಲದಂತಾಯಿತು. ಆದ್ದರಿಂದ ಈ ಪ್ರಕರಣದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ 2011ರಲ್ಲಿ ಪಕ್ಷ ಏಕೆ ಸೋತಿತು ಎಂಬುದಲ್ಲ ಎಂದು ನಾನು ಭಾವಿಸುತ್ತೇನೆ. ಒಂದು ಸೋಲನ್ನು ತಾಳಿಕೊಳ್ಳುವಷ್ಟು ಬಲವಿದ್ದ ಪಕ್ಷ, ಸೋತ ಮೇಲಿನ ಹತ್ತು ವರ್ಷಗಳಲ್ಲಿ ಆ ಬಲವನ್ನು ಹೇಗೆ ಕಳೆದುಕೊಂಡಿತು ಎಂಬುದೇ ಇಲ್ಲಿನ ವಿಷಯ.

ಊರಿನ ಬಾಗಿಲಾಗಿದ್ದ ಪಕ್ಷ

ಕರ್ನಾಟಕದ ಓದುಗರು ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಇಂದಿಗೂ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಯಾರು ಯಾವ ಪಕ್ಷದವರೆಂದು ಊರಿಗೆಲ್ಲ ಗೊತ್ತಿದ್ದರೂ ಜಾತಿ, ಮನೆತನ, ನೆಂಟಸ್ತಿಕೆ, ಮಠ, ಸಹಕಾರ ಸಂಘ ಎಂದು ಊರಿನ ಕೆಲಸ ಮಾಡಿಸಿಕೊಳ್ಳಲು ಹಲವು ದಾರಿಗಳಿರುತ್ತವೆ. ಬಂಗಾಳದಲ್ಲಿ 1978ರಲ್ಲೇ ಮೂರು ಹಂತದ ಪಂಚಾಯತಿಗಳಿಗೆ ಪಕ್ಷದ ಚಿಹ್ನೆಯ ಮೇಲೆ ನೇರ ಚುನಾವಣೆ ನಡೆಯಿತು. ಅದೇ ವರ್ಷ ಆರಂಭವಾದ ಆಪರೇಷನ್ ಬರ್ಗಾ ಎಂಬ ಕಾರ್ಯಕ್ರಮದಡಿ 14 ಲಕ್ಷಕ್ಕೂ ಹೆಚ್ಚು ಪಾಲುಗೇಣಿದಾರರ ಹೆಸರು ಸರ್ಕಾರಿ ದಾಖಲೆಗೆ ಸೇರಿ, ಅವರನ್ನು ಜಮೀನಿನಿಂದ ಎಬ್ಬಿಸುವುದು ಕಷ್ಟವಾಯಿತು. ಜಮೀನುದಾರರ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರು ಪಂಚಾಯತಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವಂತಾಯಿತು. ಈ ಸಾಧನೆಯನ್ನು ಕಡೆಗಣಿಸಿ ಎಡರಂಗದ ಪತನವನ್ನು ಬರೆಯುವುದು ಅನ್ಯಾಯವಾಗುತ್ತದೆ.

ಆದರೆ ಹಳೆಯ ಜಮೀನುದಾರ ಬಿಟ್ಟುಹೋದ ಜಾಗವನ್ನು ಪಕ್ಷವೇ ತುಂಬಿತು. ಗದ್ದೆಯ ಬದುವಿನ ತಗಾದೆ, ಗಂಡ ಹೆಂಡಿರ ವ್ಯಾಜ್ಯ, ಕೂಲಿ ದರ, ಪಡಿತರ ಚೀಟಿ, ಶಾಲೆಯ ಕೆಲಸ, ಪೊಲೀಸ್ ಠಾಣೆಯ ದೂರು ಎಲ್ಲವೂ ಲೋಕಲ್ ಕಮಿಟಿಯ ಕಚೇರಿಯ ಮೂಲಕವೇ ಹಾದುಹೋಗತೊಡಗಿದವು. ಕೆಂಪು ಬಣ್ಣ ಬಳಿದ ಒಂದು ಪುಟ್ಟ ಕಟ್ಟಡ, ಒಳಗೆ ಎರಡು ಬೆಂಚು, ಗೋಡೆಗೆ ಮಾರ್ಕ್ಸ್ ಮತ್ತು ಲೆನಿನ್ ಚಿತ್ರ, ಹೊರಗೆ ಬೀದಿಯವರು ನಿಂತು ಓದಲೆಂದು ಹಲಗೆಯೊಂದಕ್ಕೆ ದಿನವೂ ಅಂಟಿಸುವ ಪಕ್ಷದ ಪತ್ರಿಕೆ ‘ಗಣಶಕ್ತಿ’. ಸಂಜೆಯಾದರೆ ಅಹವಾಲು ಹಿಡಿದು ಬಂದವರು ಆ ಬೆಂಚಿನ ಮೇಲೆ ಕಾಯುತ್ತಿದ್ದರು. ಅಲ್ಲಿ ಕಾಯುತ್ತಿದ್ದವರೆಲ್ಲರೂ ಕಮ್ಯುನಿಸ್ಟರಾಗಿರಲಿಲ್ಲ, ಬಹುತೇಕರಿಗೆ ಬೇರೆ ಬಾಗಿಲು ಇರಲಿಲ್ಲ ಅಷ್ಟೆ. ಈ ಸಂಗತಿಯನ್ನು ಪಕ್ಷ ತನ್ನ ಜನಬೆಂಬಲವೆಂದು ಲೆಕ್ಕ ಹಿಡಿದಿತ್ತು. ಸರ್ಕಾರ ಕೈತಪ್ಪಿದ ಮರುದಿನ ಆ ಬೆಂಚುಗಳು ಖಾಲಿಯಾದವು. ಹಲವು ಕಡೆ ಕಚೇರಿಗಳನ್ನು ಆಕ್ರಮಿಸಿ ಬಣ್ಣ ಬದಲಿಸಲಾಯಿತು, ಹಲವು ಕಡೆ ತೆರೆಯುವವರಿಲ್ಲದೆ ಬೀಗ ಬಿತ್ತು.

ಸಿಂಗೂರಿನ ಬಗ್ಗೆ ಮುಗಿಯದ ಗೊಂದಲ

2006ರ ಚುನಾವಣೆಯಲ್ಲಿ ಎಡರಂಗ 235 ಸ್ಥಾನ ಗೆದ್ದಿತ್ತು. ತೃಣಮೂಲವನ್ನು ಕುರಿತು ನಾವು 235, ಅವರು 30 ಎಂಬ ಅರ್ಥದ ಬುದ್ಧದೇವರ ಮಾತು ಬಂಗಾಳದಲ್ಲಿ ಅಹಂಕಾರದ ಗಾದೆಯಂತೆ ಇಂದಿಗೂ ಓಡಾಡುತ್ತದೆ. ಕೃಷಿ ನಮ್ಮ ಬುನಾದಿ, ಕೈಗಾರಿಕೆ ನಮ್ಮ ಭವಿಷ್ಯ ಎಂಬುದು ಆ ಚುನಾವಣೆಯ ಘೋಷಣೆಯಾಗಿತ್ತು. ಅದರ ಬೆನ್ನಿಗೇ ಸಿಂಗೂರಿನಲ್ಲಿ ಟಾಟಾ ನ್ಯಾನೊ ಕಾರ್ಖಾನೆಗಾಗಿ 997 ಎಕರೆಯ ಭೂಸ್ವಾಧೀನ ನಡೆಯಿತು. 2007ರ ಮಾರ್ಚ್ 14ರಂದು, ಭೂಸ್ವಾಧೀನವನ್ನು ವಿರೋಧಿಸುತ್ತಿದ್ದ ನಂದಿಗ್ರಾಮದಲ್ಲಿ ಪೊಲೀಸ್ ಗೋಲಿಬಾರಿಗೆ 14 ಜನ ಬಲಿಯಾದರು. 2008ರ ಪಂಚಾಯತಿ ಚುನಾವಣೆಯಲ್ಲಿ ಪೂರ್ವ ಮೇದಿನೀಪುರ ಮತ್ತು ದಕ್ಷಿಣ 24 ಪರಗಣ ಜಿಲ್ಲಾ ಪರಿಷತ್ತುಗಳು ಕೈಜಾರಿದವು. ಆ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆ ಗುಜರಾತಿನ ಸಾನಂದಕ್ಕೆ ಹೊರಟುಹೋಯಿತು, 2009ರ ಲೋಕಸಭಾ ಚುನಾವಣೆಯಲ್ಲಿ ಎಡರಂಗ 42ರಲ್ಲಿ 15 ಸ್ಥಾನಕ್ಕೆ ಇಳಿಯಿತು. ಗೇಣಿದಾರನಿಗೆ ಜಮೀನಿನ ಹಕ್ಕು ಬರೆದುಕೊಟ್ಟ ಪಕ್ಷವೇ ರೈತನ ಜಮೀನಿಗೆ ಬೇಲಿ ಹಾಕಿದ್ದನ್ನು ಜನ ಕ್ಷಮಿಸಲಿಲ್ಲ.

ಇಷ್ಟು ಎಲ್ಲರಿಗೂ ತಿಳಿದ ಕಥೆ. ಸೋತ ಮೇಲೆ ಪಕ್ಷ ಸಿಂಗೂರನ್ನು ಹೇಗೆ ಓದಿಕೊಂಡಿತು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ತಪ್ಪಿದ್ದು ನೀತಿಯೋ, ಅದನ್ನು ಜಾರಿಗೆ ತಂದ ರೀತಿಯೋ? ಆಡಳಿತದ ಲೋಪ, ಕಾರ್ಯಕರ್ತರ ದರ್ಪ, ಜನರಿಂದ ದೂರವಾದದ್ದು ಎಂದು ಪಕ್ಷದೊಳಗೆ ಆತ್ಮವಿಮರ್ಶೆ ನಡೆಯಿತು, ತಿದ್ದಿಕೊಳ್ಳುವ ಅಭಿಯಾನಗಳೂ ನಡೆದವು. ಆದರೆ ಭೂಮಿ ಮತ್ತು ಕೈಗಾರಿಕೆಯ ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ. 2016ರ ಚುನಾವಣೆಗೆ ಮೊದಲು, ಆ ವರ್ಷದ ಜನವರಿಯಲ್ಲಿ, ಪಕ್ಷವು ಕೈಗಾರಿಕೆ ಬೇಕೆಂಬ ಬೇಡಿಕೆಯೊಂದಿಗೆ ಸಿಂಗೂರಿನಿಂದಲೇ, ಉಕ್ಕಿನ ಕಾರ್ಖಾನೆಯ ಯೋಜನೆ ನನೆಗುದಿಗೆ ಬಿದ್ದಿದ್ದ ಸಾಲ್ಬನಿಗೆ ಪಾದಯಾತ್ರೆ ಹೊರಟಿತು. ಊರಿನಲ್ಲಿ ಉದ್ಯೋಗವಿಲ್ಲದೆ ಕೇರಳಕ್ಕೂ ಬೆಂಗಳೂರಿಗೂ ಕೂಲಿ ಅರಸಿ ಹೋಗುತ್ತಿದ್ದ ಬಂಗಾಳದ ಯುವಕರ ಪಾಡನ್ನು ನೆನೆದರೆ ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಜಮೀನು ಕಳೆದುಕೊಂಡ ರೈತನ ಕಣ್ಣಿಗೆ ಅದು ಹಳೆಯ ಗಾಯದ ಮೇಲೆ ಬರೆಯಾಗಿ ಕಂಡಿರಬೇಕು. ಆ ವರ್ಷದ ಆಗಸ್ಟ್ 31ರಂದು, ಕರ್ನಾಟಕದವರಾದ ನ್ಯಾಯಮೂರ್ತಿ ವಿ. ಗೋಪಾಲಗೌಡ ಮತ್ತು ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಸಿಂಗೂರಿನ ಭೂಸ್ವಾಧೀನವನ್ನು ರದ್ದುಪಡಿಸಿ, ಜಮೀನನ್ನು ರೈತರಿಗೆ ಹನ್ನೆರಡು ವಾರಗಳಲ್ಲಿ ಮರಳಿಸಲು ಆದೇಶಿಸಿತು. ಐದು ವರ್ಷಗಳ ಹಿಂದೆಯೇ ತಾನಾಗಿ ಮುಗಿಸಿಕೊಳ್ಳಬಹುದಾಗಿದ್ದ ಲೆಕ್ಕವನ್ನು ನ್ಯಾಯಾಲಯ ಮುಗಿಸಿತು. ಅದರ ಶ್ರೇಯಸ್ಸೆಲ್ಲ ಆ ಭೂಸ್ವಾಧೀನದ ವಿರುದ್ಧ ಹೋರಾಡಿದ್ದ ಮಮತಾ ಬ್ಯಾನರ್ಜಿಯವರಿಗೆ ಸಂದಿತು.

ಕಾರ್ಯಕರ್ತನಿಗೆ ಆಸರೆ ಇಲ್ಲದಾಗ

‘ಸೇಡು ಬೇಡ, ಬದಲಾವಣೆ ಬೇಕು’ ಎಂಬ ಅರ್ಥದ ಘೋಷಣೆಯೊಂದಿಗೆ ತೃಣಮೂಲ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ಹಳ್ಳಿಗಳಲ್ಲಿ ನಡೆದದ್ದು ಬೇರೆ. ಸಿಪಿಎಂ ಕಾರ್ಯಕರ್ತರ ಮೇಲೆ ಹಲ್ಲೆ, ಸುಳ್ಳು ಮೊಕದ್ದಮೆ, ಊರು ಬಿಡಿಸುವುದು, ದಂಡ ವಸೂಲಿ ಇತ್ಯಾದಿಗಳ ದೂರು ವರ್ಷಗಟ್ಟಲೆ ಕೇಳಿಬಂದವು. 2018ರ ಪಂಚಾಯತಿ ಚುನಾವಣೆಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸ್ಥಾನಗಳಿಗೆ ಸ್ಪರ್ಧೆಯೇ ನಡೆಯಲಿಲ್ಲ ಎಂಬುದು ಆ ದೂರುಗಳಿಗೆ ಸಿಕ್ಕ ಗಟ್ಟಿ ಸಾಕ್ಷಿ. ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾದ ಮಾತೂ ಒಂದಿದೆ. ಎಡರಂಗದ ಆಡಳಿತದಲ್ಲೇ ನಡೆದ 2003ರ ಪಂಚಾಯತಿ ಚುನಾವಣೆಯಲ್ಲಿ ಶೇ 11ರಷ್ಟು ಸ್ಥಾನಗಳು ಅವಿರೋಧವಾಗಿ ತೀರ್ಮಾನವಾಗಿದ್ದವು. ಎದುರಾಳಿಯನ್ನು ನಾಮಪತ್ರ ಸಲ್ಲಿಸಲೂ ಬಿಡದ ರಾಜಕೀಯ ಬಂಗಾಳಕ್ಕೆ 2011ರ ನಂತರ ಬಂದದ್ದಲ್ಲ. ಅದನ್ನು ಬೆಳೆಯಲು ಬಿಟ್ಟವರೇ ಅದರ ಬಲಿಯೂ ಆದರು.

ಪೆಟ್ಟು ತಿಂದ ಕಾರ್ಯಕರ್ತನಿಗೆ ಪಕ್ಷ ಏನು ಕೊಟ್ಟಿತು? ಕೋಲ್ಕತ್ತದ ಅಲೀಮುದ್ದೀನ್ ಬೀದಿಯಲ್ಲಿರುವ ರಾಜ್ಯ ಕಚೇರಿಯಿಂದ ಖಂಡನೆಯ ಹೇಳಿಕೆ ಬರುತ್ತಿತ್ತು, ಜಿಲ್ಲಾಧಿಕಾರಿಗೆ ಮನವಿ ಸಲ್ಲಿಕೆಯಾಗುತ್ತಿತ್ತು. ಆದರೆ ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿದರೆ ಬರುವವರು ಇರಲಿಲ್ಲ. ಮೂವತ್ತನಾಲ್ಕು ವರ್ಷ ಪೊಲೀಸ್ ಠಾಣೆ ತಮ್ಮ ಮಾತು ಕೇಳುತ್ತದೆ ಎಂಬ ಧೈರ್ಯದಲ್ಲಿ ಬದುಕಿದ ನಾಯಕತ್ವಕ್ಕೆ, ಠಾಣೆ ಎದುರಾದಾಗ ಸಂಘಟನೆ ಉಳಿಸಿಕೊಳ್ಳುವ ವಿದ್ಯೆ ಮರೆತುಹೋಗಿತ್ತು. 1970ರ ದಶಕದ ಭೂಗತ ದಿನಗಳಲ್ಲಿ ಅದನ್ನು ಕಲಿತಿದ್ದ ತಲೆಮಾರು ಮುಪ್ಪಾಗಿತ್ತು, ಮುಂದಿನವರು ಅಧಿಕಾರದ ನೆರಳಿನಲ್ಲೇ ಪಕ್ಷ ಸೇರಿದವರು. ಹಲವರು ಸದ್ದಿಲ್ಲದೆ ತೃಣಮೂಲಕ್ಕೆ ಹೋದರು. ಹೋಗಲಾರದವರು, ತೃಣಮೂಲವನ್ನು ಎದುರಿಸಬಲ್ಲ ಇನ್ನೊಂದು ಶಕ್ತಿಯತ್ತ ನೋಡಿದರು.

2016ರಲ್ಲಿ ಶೇ 10ರಷ್ಟಿದ್ದ ಬಿಜೆಪಿ ಮತ 2019ರಲ್ಲಿ ಶೇ 40ಕ್ಕೆ ಏರಿತು, ಆ ಪಕ್ಷಕ್ಕೆ 18 ಲೋಕಸಭಾ ಸ್ಥಾನ ದಕ್ಕಿದವು. ಅದೇ ಅವಧಿಯಲ್ಲಿ ಎಡರಂಗ ಕಳೆದುಕೊಂಡ ಮತ ಹದಿನೆಂಟು ಶೇಕಡಾ ಅಂಶಗಳಷ್ಟು. ಸಾಂಪ್ರದಾಯಿಕವಾಗಿ ಎಡಪಕ್ಷಗಳಿಗೆ ಮತ ಹಾಕುತ್ತಿದ್ದವರಲ್ಲಿ ಅನೇಕರು ಬಿಜೆಪಿಗೆ ಹೋದರೆಂಬುದನ್ನು ಪಕ್ಷದ ಕೇಂದ್ರ ನಾಯಕತ್ವವೇ ಆ ಚುನಾವಣೆಯ ನಂತರ ಒಪ್ಪಿಕೊಂಡಿತು. ಮೊದಲು ರಾಮ, ಆಮೇಲೆ ಎಡ ಎಂಬರ್ಥದ ಮಾತೊಂದು ಆಗ ಹಳ್ಳಿಗಳಲ್ಲಿ ಓಡಾಡುತ್ತಿತ್ತು. ತೃಣಮೂಲವನ್ನು ಮೊದಲು ಬಿಜೆಪಿ ಉರುಳಿಸಲಿ, ನಂತರ ನಾವು ಬರೋಣ ಎಂಬ ಎಣಿಕೆ ಅದು. ಕೋಮುವಾದದ ವಿರುದ್ಧ ಅರ್ಧ ಶತಮಾನ ಮಾತಾಡಿದ ಪಕ್ಷದ ಬೆಂಬಲಿಗ ಹೀಗೆ ಯೋಚಿಸಿದ್ದು ಮನಸ್ಸಿಗೆ ನೋವು ತರುತ್ತದೆ. ಆದರೆ ಅವನನ್ನು ಸಿದ್ಧಾಂತಭ್ರಷ್ಟನೆಂದು ಜರಿದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅವನು ಹುಡುಕಿದ್ದು ಆಸರೆಯನ್ನು. 2019ರಲ್ಲಿ ಜಾದವಪುರದ ಅಭ್ಯರ್ಥಿಯೊಬ್ಬರನ್ನು ಬಿಟ್ಟರೆ ರಾಜ್ಯದಲ್ಲಿ ಎಡರಂಗದ ಉಳಿದೆಲ್ಲ ಅಭ್ಯರ್ಥಿಗಳೂ ಠೇವಣಿ ಕಳೆದುಕೊಂಡರು.

ಒಂದೇ ಪಕ್ಷ, ಎರಡು ರಾಜ್ಯ

ಬಂಗಾಳ ಮತ್ತು ಕೇರಳದ ವಿಧಾನಸಭಾ ಚುನಾವಣೆಗಳು ಒಟ್ಟಿಗೇ ಬರುತ್ತವೆ. 2016ರಲ್ಲಿ ಬಂಗಾಳದ ಸಿಪಿಎಂ ಕಾಂಗ್ರೆಸ್ಸಿನೊಂದಿಗೆ ಸ್ಥಾನ ಹಂಚಿಕೊಂಡು ಒಂದೇ ವೇದಿಕೆ ಹತ್ತಿದ ತಿಂಗಳುಗಳಲ್ಲೇ, ಕೇರಳದ ಸಿಪಿಎಂ ಅದೇ ಕಾಂಗ್ರೆಸ್ಸಿನ ಸರ್ಕಾರವನ್ನು ಕೆಳಗಿಳಿಸಲು ಹೋರಾಡುತ್ತಿತ್ತು. ಬಂಗಾಳದ ಫಲಿತಾಂಶ ಪಕ್ಷಕ್ಕೆ ಇನ್ನೂ ಕಹಿಯಾಗಿತ್ತು. ಕಡಿಮೆ ಕ್ಷೇತ್ರಗಳಲ್ಲಿ ನಿಂತ ಕಾಂಗ್ರೆಸ್ 44 ಗೆದ್ದಿತು, ಸಿಪಿಎಂ 26ಕ್ಕೆ ನಿಂತಿತು. ವಿರೋಧ ಪಕ್ಷದ ನಾಯಕನ ಸ್ಥಾನವೂ ಕಾಂಗ್ರೆಸ್ಸಿಗೆ ಹೋಯಿತು. ನಾರಾಯಣಗಡದಲ್ಲಿ ರಾಜ್ಯ ಕಾರ್ಯದರ್ಶಿ ಸೂರ್ಯಕಾಂತ ಮಿಶ್ರಾ ಅವರೇ ಸೋತರು. ಆ ಹೊಂದಾಣಿಕೆ ಪಕ್ಷದ ಗೊತ್ತುವಳಿಗೆ ಅನುಗುಣವಾಗಿತ್ತೇ ಎಂಬ ವಾದ ಕೇಂದ್ರ ಸಮಿತಿಯಲ್ಲಿ ಎರಡು ವರ್ಷ ನಡೆಯಿತು. 2018ರ ಜನವರಿಯಲ್ಲಿ ಕಾಂಗ್ರೆಸ್ಸಿನೊಂದಿಗೆ ಹೊಂದಾಣಿಕೆಗೆ ಬಾಗಿಲು ತೆರೆದಿಡಬೇಕೆಂಬ ಪ್ರಧಾನ ಕಾರ್ಯದರ್ಶಿ ಸೀತಾರಾಮ ಯೆಚೂರಿ ಅವರ ನಿಲುವಿಗೆ ಕೇಂದ್ರ ಸಮಿತಿಯಲ್ಲೇ ಸೋಲಾಯಿತು. ಏಪ್ರಿಲ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಮಹಾಧಿವೇಶನದಲ್ಲಿ ಮಧ್ಯದ ದಾರಿಯೊಂದನ್ನು ಹುಡುಕಲಾಯಿತು. ಹಳ್ಳಿಗಳಲ್ಲಿ ಮತ ಕೊಚ್ಚಿಹೋಗುತ್ತಿದ್ದ ಆ ವರ್ಷಗಳಲ್ಲಿ ಪಕ್ಷದ ಅತ್ಯುತ್ತಮ ಬುದ್ಧಿಗಳು ಒಂದು ಠರಾವಿನ ಪದಗಳ ಮೇಲೆ ಶ್ರಮ ವ್ಯಯಿಸಿದವು.

2021ರಲ್ಲಿ ಕಾಂಗ್ರೆಸ್ ಜತೆಗೆ, ಫುರ್‌ಫುರಾ ಶರೀಫಿನ ಧರ್ಮಗುರು ಅಬ್ಬಾಸ್ ಸಿದ್ದಿಕಿ ಅವರು ಆಗಷ್ಟೇ ಕಟ್ಟಿದ್ದ ಇಂಡಿಯನ್ ಸೆಕ್ಯುಲರ್ ಫ್ರಂಟ್ ಕೂಡ ಸೇರಿ ಸಂಯುಕ್ತ ಮೋರ್ಚಾ ಆಯಿತು. ತೃಣಮೂಲ ಮತ್ತು ಬಿಜೆಪಿ ಹೆಸರುಗಳನ್ನು ಬೆಸೆದು ‘ಬಿಜೆಮೂಲ್’ ಎಂಬ ಪದವನ್ನು ಪ್ರಚಾರದಲ್ಲಿ ಬಳಸಲಾಯಿತು. ಎರಡೂ ಒಂದೇ ಎಂಬ ಆ ಮಾತನ್ನು, ಪೌರತ್ವ ಕಾಯ್ದೆಯ ಭಯದಲ್ಲಿದ್ದ ಮುಸ್ಲಿಂ ಮತದಾರರು ನಂಬುವಂತಿರಲಿಲ್ಲ. ತೃಣಮೂಲದ ಮೇಲೆ ಸಿಟ್ಟಿದ್ದವರು ಆಗಲೇ ಬಿಜೆಪಿಯಲ್ಲಿದ್ದರು. ಆ ಘೋಷಣೆ ಗೊಂದಲ ಹುಟ್ಟಿಸಿತೆಂದು ಪಕ್ಷವೇ ನಂತರ ಒಪ್ಪಿತು. 2021ರ ಮೇ 2ರಂದು ಕೇರಳದಲ್ಲಿ ಎಡರಂಗ 140ರಲ್ಲಿ 99 ಸ್ಥಾನ ಗೆದ್ದು ಮರಳಿ ಅಧಿಕಾರ ಹಿಡಿದ ದಿನವೇ ಬಂಗಾಳದಲ್ಲಿ ಅದರ ಸೊನ್ನೆಯೂ ಪ್ರಕಟವಾಯಿತು.

ಇನ್ನೊಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಕರ್ನಾಟಕದವರಿಗೆ ಇದು ದೂರದ ಮಾತಲ್ಲ. ಮಮತಾ ಸರ್ಕಾರ 2021ರಲ್ಲಿ ‘ಲಕ್ಷ್ಮೀರ್ ಭಂಡಾರ್’ ಹೆಸರಿನಲ್ಲಿ ಮಹಿಳೆಯರ ಖಾತೆಗೆ ತಿಂಗಳಿಗೆ ಮೊದಲು ಸಾಮಾನ್ಯ ವರ್ಗದವರಿಗೆ 500 ಮತ್ತು ಪರಿಶಿಷ್ಟರಿಗೆ 1,000 ರೂಪಾಯಿ ಹಾಕತೊಡಗಿ, 2024ರಲ್ಲಿ ಅದನ್ನು 1,000 ಮತ್ತು 1,200ಕ್ಕೆ ಏರಿಸಿತು. ನಮ್ಮ ಗೃಹಲಕ್ಷ್ಮಿಯನ್ನು ಬಿಟ್ಟಿ ಭಾಗ್ಯ ಎಂದು ಜರಿದವರಂತೆಯೇ, ಅಲ್ಲಿನ ಎಡ ಬೆಂಬಲಿಗರಲ್ಲೂ ಅನೇಕರು ಅದನ್ನು ಭಿಕ್ಷೆ ಎಂದು ಕರೆದರು. ಕೂಲಿ ಹೆಚ್ಚಳಕ್ಕಾಗಿ ಹೋರಾಡಿ ಬೆಳೆದ ಪಕ್ಷದವರು ಕೂಲಿ ಹೆಂಗಸಿನ ಕೈಗೆ ಬಂದ ಹಣವನ್ನು ಹೀಗಳೆದರೆ ಅವಳು ಯಾರನ್ನು ನಂಬಬೇಕು? 2024ರ ಸೋಲಿನ ವಿಮರ್ಶೆಯಲ್ಲಿ ಪಕ್ಷ ಈ ಧೋರಣೆಯಿಂದ ಬಡವರು ದೂರವಾದದ್ದನ್ನು ಗುರುತಿಸಿತು. ಇದೇ ಬಗೆಯ ಕುರುಡು ಜಾತಿಯ ವಿಷಯದಲ್ಲೂ ಇತ್ತು. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರು ರಾಜ್ಯದ ಜನಸಂಖ್ಯೆಯಲ್ಲಿ ಶೇ 23ಕ್ಕೂ ಹೆಚ್ಚು. 1964ರಲ್ಲಿ ಹುಟ್ಟಿದ ಪಕ್ಷದ ಉನ್ನತ ನಾಯಕರ ಸಮಿತಿಯಾದ ಪಾಲಿಟ್ ಬ್ಯೂರೊಗೆ ಮೊದಲ ದಲಿತ ಸದಸ್ಯರಾಗಿ ವೀರಭೂಮ್ ಜಿಲ್ಲೆಯ ರಾಮಚಂದ್ರ ಡೋಮ್ ಬಂದದ್ದು 2022ರಲ್ಲಿ.

ಸಿಲಿಂಡರು ಹೊತ್ತ ಹುಡುಗರು

2021ರ ಆ ಸೊನ್ನೆಯ ವಾರಗಳಲ್ಲೇ ಕೋವಿಡ್ಡಿನ ಎರಡನೆಯ ಅಲೆ ಬಂಗಾಳವನ್ನು ಅಪ್ಪಳಿಸಿತು. ಆಗ ಪಕ್ಷದ ವಿದ್ಯಾರ್ಥಿ ಮತ್ತು ಯುವ ಸಂಘಟನೆಗಳ ಹುಡುಗ ಹುಡುಗಿಯರು ‘ರೆಡ್ ವಾಲಂಟಿಯರ್ಸ್’ ಎಂಬ ಹೆಸರಿನಲ್ಲಿ ಬೀದಿಗಿಳಿದರು. ಫೋನಿಗೆ ಕರೆ ಬಂದರೆ ನಡುರಾತ್ರಿಯಲ್ಲೂ ಬೈಕಿನ ಹಿಂದೆ ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು ಹೊರಡುತ್ತಿದ್ದರು. ಮನೆಯವರೇ ಹತ್ತಿರ ಹೋಗಲು ಹೆದರುತ್ತಿದ್ದ ರೋಗಿಯನ್ನು ಮಹಡಿಯಿಂದ ಇಳಿಸುತ್ತಿದ್ದರು, ಶವಸಂಸ್ಕಾರಕ್ಕೂ ಹೆಗಲು ಕೊಡುತ್ತಿದ್ದರು. ಕರೆ ಮಾಡಿದವರು ಯಾವ ಪಕ್ಷಕ್ಕೆ ಮತ ಹಾಕಿದ್ದರೆಂದು ಕೇಳುತ್ತಿರಲಿಲ್ಲ. ಅಧಿಕಾರವಿದ್ದಾಗ ಜನ ಪಕ್ಷದ ಕಚೇರಿಗೆ ಬಂದು ಬೆಂಚಿನ ಮೇಲೆ ಕಾಯಬೇಕಿತ್ತು. ಈಗ ಪಕ್ಷದ ಮಕ್ಕಳೇ ಜನರ ಮೆಟ್ಟಿಲು ಹತ್ತುತ್ತಿದ್ದರು. ಇಡೀ ದಶಕದಲ್ಲಿ ಸಿಪಿಎಂ ಮಾಡಿದ ಅತ್ಯಂತ ಮುಖ್ಯ ರಾಜಕೀಯ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಅದರ ಫಲ ನಗರಗಳಲ್ಲಿ ಸ್ವಲ್ಪ ಕಂಡಿತು. 2021ರ ಡಿಸೆಂಬರಿನ ಕೋಲ್ಕತ್ತ ಮಹಾನಗರ ಪಾಲಿಕೆ ಚುನಾವಣೆಯಲ್ಲಿ ಎಡರಂಗ ಎರಡೇ ವಾರ್ಡು ಗೆದ್ದರೂ ಮತಪ್ರಮಾಣದಲ್ಲಿ ಬಿಜೆಪಿಯನ್ನು ಹಿಂದಿಕ್ಕಿತು. 2022ರಲ್ಲಿ ನದಿಯಾ ಜಿಲ್ಲೆಯ ತಾಹೆರ್‌ಪುರ ಪುರಸಭೆ ದಕ್ಕಿತು. ಆ ಏಪ್ರಿಲ್‌ನ ಬಾಲಿಗಂಜ್ ಉಪಚುನಾವಣೆಯಲ್ಲಿ ಸಿಪಿಎಂ ಅಭ್ಯರ್ಥಿ ಸೈರಾ ಶಾ ಹಲೀಂ ಎರಡನೆಯ ಸ್ಥಾನಕ್ಕೆ ಬಂದರು. 2021ರಲ್ಲಿ ನಂದಿಗ್ರಾಮದಲ್ಲಿ ಮಮತಾ ಮತ್ತು ಬಿಜೆಪಿಯ ಸುವೇಂದು ಅಧಿಕಾರಿ ಅವರ ನಡುವೆ ನಿಂತು ಸೋತಿದ್ದ ಮೀನಾಕ್ಷಿ ಮುಖರ್ಜಿ, ಯುವ ಸಂಘಟನೆಯ ಮುಖವಾಗಿ ಬೆಳೆದರು. 2023ರ ನವೆಂಬರಿನಲ್ಲಿ ಕೂಚ್‌ಬಿಹಾರದಿಂದ ಹೊರಟ ‘ಇನ್ಸಾಫ್ ಯಾತ್ರೆ’ 2024ರ ಜನವರಿ 7ರಂದು ಕೋಲ್ಕತ್ತದ ಬ್ರಿಗೇಡ್ ಮೈದಾನ ಸೇರಿದಾಗ ಅಲ್ಲಿ ಜನಸಾಗರವೇ ಇತ್ತು. ನಾಲ್ಕೇ ತಿಂಗಳಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಸಿಪಿಎಂಗೆ ಶೇ 6ಕ್ಕಿಂತ ಕಡಿಮೆ ಮತ ಬಂದಿತು. ಮುರ್ಷಿದಾಬಾದಿನಲ್ಲಿ ರಾಜ್ಯ ಕಾರ್ಯದರ್ಶಿ ಮೊಹಮ್ಮದ್ ಸಲೀಂ ಎರಡನೆಯವರಾದರು, ಸ್ಥಾನ ಒಂದೂ ಬರಲಿಲ್ಲ.

ಮೈದಾನ ತುಂಬುತ್ತದೆ, ಮತಪೆಟ್ಟಿಗೆ ತುಂಬುವುದಿಲ್ಲ. ಇದಕ್ಕೆ ಕಾರಣ ಹುಡುಕಲು ಮತದಾನದ ದಿನದ ಬೂತಿಗೆ ಹೋಗಬೇಕು. ಪ್ರತಿ ಬೂತಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆದರಿಕೆಗೆ ಜಗ್ಗದೆ ಕೂರುವ ಒಬ್ಬ ಏಜೆಂಟು, ಅವನಿಗೆ ಊಟ ತಂದುಕೊಡುವ ಇನ್ನೊಬ್ಬ, ಮತದಾರರ ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ನಾಲ್ವರು ಬೇಕು. ಬ್ರಿಗೇಡಿಗೆ ರೈಲು ಹತ್ತಿ ಬರುವ ಯುವಕ ತನ್ನ ಊರಿನ ಬೂತಿನಲ್ಲಿ ಒಬ್ಬಂಟಿ. ಹಿಂದೆ ಪಂಚಾಯತಿಯ ಬಲದಿಂದ ತಾನಾಗಿ ನಡೆಯುತ್ತಿದ್ದ ಈ ವ್ಯವಸ್ಥೆಯನ್ನು ಈಗ ಬರಿಗೈಯಲ್ಲಿ ಕಟ್ಟಬೇಕಿದೆ. ಎರಡೇ ಪಕ್ಷಗಳ ನಡುವೆ ಸ್ಪರ್ಧೆ ಎಂದು ಮತದಾರ ತೀರ್ಮಾನಿಸಿದ ಮೇಲೆ, ಒಳ್ಳೆಯ ಹುಡುಗರೆಂದು ಮೆಚ್ಚಿಯೂ ಗೆಲ್ಲಲಾರದವರಿಗೆ ಮತ ಹಾಕಲು ಹಿಂಜರಿಯುತ್ತಾನೆ.

2024ರ ಆಗಸ್ಟ್ 8ರಂದು ಬುದ್ಧದೇವ ಭಟ್ಟಾಚಾರ್ಯ ತೀರಿಕೊಂಡರು. ಪದ್ಮಭೂಷಣವನ್ನು ಬೇಡವೆಂದಿದ್ದ, ಎರಡು ಕೋಣೆಗಳ ಸರ್ಕಾರಿ ಫ್ಲ್ಯಾಟಿನಲ್ಲಿ ಕೊನೆಯವರೆಗೂ ಬದುಕಿದ ಅವರ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಲಾಯಿತು. ಮರುದಿನವೇ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ಬೆಳಕಿಗೆ ಬಂದಿತು. ಶವ ಸಾಗಿಸುತ್ತಿದ್ದ ವಾಹನವನ್ನು ಆ ಸಂಜೆ ಅಡ್ಡಗಟ್ಟಿ ನಿಂತವರಲ್ಲಿ ಮೀನಾಕ್ಷಿ ಮತ್ತು ಅವರ ಸಂಗಾತಿಗಳಿದ್ದರು. ಆಗಸ್ಟ್ 14ರ ರಾತ್ರಿ ರಾಜ್ಯದಾದ್ಯಂತ ಬೀದಿಗಿಳಿದ ಹೆಂಗಸರ ಕೈಯಲ್ಲಿ ಮಾತ್ರ ಯಾವ ಪಕ್ಷದ ಬಾವುಟವೂ ಬೇಕಿರಲಿಲ್ಲ. ನವೆಂಬರಿನಲ್ಲಿ ಆರು ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಆರನ್ನೂ ತೃಣಮೂಲವೇ ಗೆದ್ದಿತು.

2025ರ ಏಪ್ರಿಲ್ 20ರಂದು ಬ್ರಿಗೇಡ್ ಮೈದಾನದಲ್ಲಿ ಮತ್ತೊಂದು ಸಭೆ ಸೇರಿತು. ಈ ಬಾರಿ ಕರೆ ಕೊಟ್ಟದ್ದು ಎಡರಂಗವಲ್ಲ, ಪಕ್ಷದ ರಾಜ್ಯ ಸಮಿತಿಯೂ ಅಲ್ಲ. ಕಾರ್ಮಿಕರ, ರೈತರ, ಕೃಷಿ ಕೂಲಿಕಾರರ ಮತ್ತು ಕೊಳೆಗೇರಿ ನಿವಾಸಿಗಳ ನಾಲ್ಕು ಸಂಘಟನೆಗಳು ಕೂಡಿ ಆ ಸಭೆ ಕರೆದಿದ್ದವು. ಮೈದಾನದಿಂದ ಊರಿಗೆ ಮರಳಿದ ಕೂಲಿಕಾರರು ತಮ್ಮ ತಮ್ಮ ಹಳ್ಳಿಯಲ್ಲಿ, ಬೀಗ ಬಿದ್ದ ಆ ಕಚೇರಿಯ ಎದುರು, ಕೂಲಿ ದರದ ಬಗ್ಗೆ ಹತ್ತು ಜನರನ್ನು ಸೇರಿಸಿ ಸಭೆ ನಡೆಸಬಲ್ಲರೇ ಎಂಬುದರ ಮೇಲೆ ಆ ಕರೆಯ ಬೆಲೆ ನಿಂತಿದೆ.